ಮಳೆ ಪುಸ್ತಕದಲ್ಲಿ ಆಂಟಿವೈರಸ್

ನಿನ್ನೆ ಶನಿವಾರ, ಬಟವಾಡೆ ದಿನ. ಬೆಳಿಗ್ಗೆ 10ಕ್ಕೆ ಕೂಲಿ ಲೆಕ್ಕದ ಎಕ್ಸೆಲ್ ಶೀಟ್ ಮೇಲೆ ಕ್ಲಿಕ್ ಮಾಡಿದೆ. ತೆರೆಯಲಿಲ್ಲ. ಇನ್ನೊಂದು ಸಲ ಮಾಡಿದೆ. ಉಂಗುರವೊಂದು ಸುತ್ತತೊಡಗಿತು. ಮೇಜಿನ ಕೆಳಗಿನ ಡಬ್ಬ ಕಾಫಿ ಪಲ್ಪರ್ ಥರ ಗುರುಗುಟ್ಟಿತು. ಆಮೇಲೆ ಪರದೆಯ ಮೂಲೆಯಲ್ಲಿ ಹಸಿರು ಚೌಕ ಎದ್ದು ಬಂತು. ಆಂಟಿವೈರಸ್ಸಿನ ಫುಲ್ ಸ್ಕ್ಯಾನ್, ಅಂದರೆ ಕಂಪ್ಯೂಟರಿನ ಎಲ್ಲ ಫೈಲುಗಳ ತಪಾಸಣೆ, ಶುರುವಾಗಿದೆಯಂತೆ, ನಾನು ನಿಶ್ಚಿಂತೆಯಾಗಿರಬೇಕಂತೆ.

ಜಗಲಿಯಲ್ಲಿ 11 ಜನ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ನಿಂತಿದ್ದಾರೆ. ಎಲ್ಲರಿಗೂ ಶನಿವಾರಸಂತೆಗೆ ಹೋಗುವ ಆತುರ. ಒಬ್ಬಳು ಕಿಟಕಿಯಿಂದ ಇಣುಕಿ, "ಅಕ್ಕಾ, ಮೆಷಿನ್‌ಗೆ ಹುಷಾರಿಲ್ವಾ?" ಎಂದಳು. "ಹುಷಾರಿದೆಯೋ ಇಲ್ವೋ ಅಂತ ಅದೇ ನೋಡ್ಕೊಳ್ತಾ ಇದೆ" ಎಂದೆ. ಕೊನೆಗೆ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಲೆಕ್ಕ ಹಾಕಿ ದುಡ್ಡು ಕೊಟ್ಟೆ. ಎರಡು ಕಡೆ ತಪ್ಪಾಯಿತು. ಜಾಸ್ತಿ ಕೊಟ್ಟದ್ದನ್ನು ಯಾರೂ ಹೇಳಲಿಲ್ಲ, ಕಡಿಮೆ ಕೊಟ್ಟದ್ದು ಗೇಟು ದಾಟುವ ಮೊದಲೇ ವಾಪಸ್ ಬಂತು.

ಶನಿವಾರ 10 ಗಂಟೆ ಅಂತ ಮುಹೂರ್ತ ಇಟ್ಟವನು ಕಂಪ್ಯೂಟರ್ ಅಂಗಡಿಯ ಹುಡುಗ. "ವೀಕೆಂಡ್ ಅಲ್ವಾ ಮೇಡಂ, ಫ್ರೀ ಇರ್ತೀರಾ" ಎಂದಿದ್ದ. ತೋಟದ ಮನೆಯಲ್ಲಿ ವೀಕೆಂಡ್!

ಸ್ಕ್ಯಾನ್ ನಿಧಾನ ಆದರೂ ಮುಗಿದರೆ ಸಾಕಿತ್ತು. ಆದರೆ ಇದು ಜುಲೈ, ಪುನರ್ವಸು ಮಳೆ. ನಮ್ಮ ಸೋಮವಾರಪೇಟೆ ಕಡೆ ಒಂದು ಸಿಲ್ವರ್ ಓಕ್ ಲೈನಿನ ಮೇಲೆ ಒರಗಿದರೆ ಸಾಕು, ಲೈನ್‌ಮನ್ ಬರುವ ತನಕ ಕತ್ತಲೆ. ಯುಪಿಎಸ್ ಹತ್ತು ನಿಮಿಷ ಕೀಚ್ ಕೀಚ್ ಅಂದು ಸಾಯುತ್ತದೆ. ಈ ಮಳೆಗಾಲದಲ್ಲಿ ಸ್ಕ್ಯಾನ್ 40 ಪರ್ಸೆಂಟಿಗೆ ಸತ್ತಿದೆ, 62ಕ್ಕೆ ಸತ್ತಿದೆ, ಒಮ್ಮೆ 87ಕ್ಕೆ ಸತ್ತಿದೆ. ಕರೆಂಟ್ ಬಂದ ಮೇಲೆ ಅದಕ್ಕೆ ಹಿಂದಿನದು ಒಂದೂ ನೆನಪಿಲ್ಲ. ಮತ್ತೆ ಸೊನ್ನೆಯಿಂದ.

ಈ ಅಂಕಿಗಳು ನನಗೆ ಬಾಯಿಪಾಠ ಆಗಿದ್ದಕ್ಕೆ ಕಾರಣ ನಮ್ಮ ಮಾವ. ಅವರು ನಲವತ್ತು ವರ್ಷದಿಂದ ಅಂಗಳದ ರೇನ್ ಗೇಜ್ ನೋಡಿ, ಇಂಚು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಮಳೆ ಪುಸ್ತಕ ಬರೆಯುತ್ತಾ ಬಂದವರು. ಈ ವರ್ಷ ಅದೇ ಪುಸ್ತಕದಲ್ಲಿ ಇನ್ನೊಂದು ಗೆರೆ ಎಳೆದಿದ್ದಾರೆ. 'ಮಳೆ 3 ಇಂಚು 40 ಸೆಂಟ್. ಸ್ಕ್ಯಾನ್ 62. ಕರೆಂಟ್ 11.50ಕ್ಕೆ ಹೋಯಿತು.' ಮುಂದೆ ಯಾವ ಮೊಮ್ಮಗು ಇದನ್ನು ಓದಿ ಏನೆಂದುಕೊಳ್ಳುತ್ತದೋ.

ಬರೆಯುವುದಾದರೆ ಬರೆಯಲಿ. ಸ್ಕ್ಯಾನ್ ಶುರುವಾದ ಕೂಡಲೇ ಬೆತ್ತದ ಕುರ್ಚಿ ಎಳೆದುಕೊಂಡು, ಕಾಫಿ ಲೋಟ ಹಿಡಿದು, ಪರದೆಯ ಮೇಲೆ ಓಡುವ ಫೈಲುಗಳ ಹೆಸರನ್ನು ಗಟ್ಟಿಯಾಗಿ ಓದುತ್ತಾರೆ. ಕಣದಲ್ಲಿ ಚೀಲ ಎಣಿಸುವ ರಾಗದಲ್ಲಿ. "ಸಿಸ್ಟಮ್ ಮೂವತ್ತೆರಡು... ಡ್ರೈವರ್ಸ್... ನಮ್ಮ ಮನೇಲಿ ಇಷ್ಟೊಂದು ಡ್ರೈವರ್ಸ್ ಯಾರಮ್ಮ?" ನಾನು ಒಲೆ ಮುಂದಿನಿಂದಲೇ ಉತ್ತರ ಕೊಡಬೇಕು. ಕೊಡದಿದ್ದರೆ ಪ್ರಶ್ನೆ ಇನ್ನೊಮ್ಮೆ ಬರುತ್ತದೆ, ಸ್ವಲ್ಪ ಜೋರಾಗಿ.

ವಿಂಡೋಸಿನಲ್ಲಿ 'ವಿನ್‌ಎಸ್‌ಎಕ್ಸ್‌ಎಸ್' (WinSxS) ಅಂತ ಒಂದು ಫೋಲ್ಡರ್ ಇದೆ. ವಿಂಡೋಸ್ ತನ್ನ ಬಿಡಿಭಾಗಗಳನ್ನೆಲ್ಲ ಪೇರಿಸಿಡುವ ಅಟ್ಟ ಅದು. ಮಾವ ಅದನ್ನು ಕೂಡಿಸಿ ಓದಲು ಹೋದರು. ಅರ್ಧದಲ್ಲೇ ನಿಲ್ಲಿಸಿದರು. ಕೆಮ್ಮಿದರು. ಅಡುಗೆಮನೆ ಕಡೆ ನೋಡದೆ ಕಾಫಿ ಕುಡಿದರು. ತೊಂದರೆ ಏನೆಂದರೆ ಆ ಫೋಲ್ಡರಿನಲ್ಲಿ ಸಾವಿರಾರು ಫೈಲುಗಳಿವೆ, ಪ್ರತಿಯೊಂದರ ಮುಂದೆಯೂ ಅದೇ ಹೆಸರು. ಒಂದು ಇಡೀ ಬೆಳಿಗ್ಗೆ ನಮ್ಮ ಮನೆಯಲ್ಲಿ ಬರೀ ಕೆಮ್ಮು. ಯಜಮಾನರು ಗಾಬರಿಯಾಗಿ ಕಾಳುಮೆಣಸಿನ ಕಷಾಯ ಮಾಡಿಸಿದರು. ಮಾವ ಪಾಪ, ಏನೂ ಹೇಳದೆ ಕುಡಿದರು.

ನಿನ್ನೆ ಸಿಟ್ಟು ನೆತ್ತಿಗೇರಿ, ನೆಟ್‌ವರ್ಕ್ ಸಿಗುವ ನೀರಿನ ಟ್ಯಾಂಕ್ ಹತ್ತಿರ ಕೊಡೆ ಹಿಡಿದು ನಿಂತು, ಬೆಂಗಳೂರಿನ ತಮ್ಮನಿಗೆ ಫೋನ್ ಮಾಡಿದೆ. ಅವನು ಮೊದಲು ಕೇಳಿದ್ದೇ, "ಅಕ್ಕ, ಎಷ್ಟು ಆಂಟಿವೈರಸ್ ಹಾಕಿದ್ದೀಯ?" ಒಂದು ಅಂಗಡಿಯವನು ಮಾರಿದ್ದು, ಇನ್ನೊಂದು ಯಾವುದೋ ಸಾಫ್ಟ್‌ವೇರಿನ ಬೆನ್ನಿಗೆ ಬಿಟ್ಟಿಯಾಗಿ ಬಂದದ್ದು. ಇದು ತೆರೆದ ಫೈಲನ್ನು ಅದು ತಡೆದು ನೋಡುತ್ತದಂತೆ, ಅದು ಮುಟ್ಟಿದ್ದನ್ನು ಇದು. ಒಂದೇ ಗೇಟಿಗೆ ಇಬ್ಬರು ವಾಚ್‌ಮನ್ ಇಟ್ಟು, ಇಬ್ಬರೂ ಒಬ್ಬರ ಜೇಬು ಒಬ್ಬರು ತಡಕುತ್ತಾ ಕೂತ ಹಾಗೆ. ಎರಡನ್ನೂ ತೆಗೆಸಿದ. ವಿಂಡೋಸಿನ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್ ತಾನಾಗಿ ಎದ್ದು ಕೂತಿತು. ಬೇರೆಯವರು ಇದ್ದರೆ ಅದು ಸುಮ್ನೆ ಬದಿಗೆ ಸರಿಯುತ್ತದಂತೆ. ಕೂಡುಕುಟುಂಬದಲ್ಲಿ ಬೆಳೆದದ್ದಿರಬೇಕು.

ಇನ್ನೊಂದು ಕಾರಣ ನಮ್ಮ ಹಳೇ ಹಾರ್ಡ್ ಡಿಸ್ಕ್. ಒಳಗೆ ತಟ್ಟೆ ತಿರುಗುತ್ತದೆ, ಸಣ್ಣ ಕಡ್ಡಿಯೊಂದು ಓಡಾಡಿ ಓದುತ್ತದೆ. ಒಂದು ದೊಡ್ಡ ಫೈಲಾದರೆ ಸರಾಗ. ಚಿಲ್ಲರೆ ಫೈಲು ಲಕ್ಷ ಇದ್ದರೆ ಪ್ರತಿ ಫೈಲಿಗೂ ಕಡ್ಡಿ ಜಾಗ ಹುಡುಕಿಕೊಂಡು ಹೋಗಬೇಕು. ಮಾವನಿಗೆ ಹೀಗೆ ಹೇಳಿದೆ: ಅರೇಬಿಕಾ ಕಾಫಿಯಲ್ಲಿ ಹಣ್ಣು ಮಾತ್ರ ಆರಿಸಿ ಕೊಯ್ದ ಹಾಗೆ, ಗಿಡದಿಂದ ಗಿಡಕ್ಕೆ ಓಡಬೇಕು. "ಹಾಗಾದ್ರೆ ನಿಧಾನ ಆಗ್ಲೇಬೇಕಲ್ಲ" ಎಂದು ಅವರು ಆಂಟಿವೈರಸ್ಸಿನ ಪಕ್ಷ ಸೇರಿಬಿಟ್ಟರು. ಎಸ್‌ಎಸ್‌ಡಿ ಎಂಬ ಹೊಸ ಥರದ ಡಿಸ್ಕ್ ಹಾಕಿಸಿದರೆ ತಿರುಗುವುದು ಓಡಾಡುವುದು ಯಾವುದೂ ಇರಲ್ಲ. ಕಾಫಿ ದುಡ್ಡು ಬರಲಿ.

"ಮೊದಲು ಕಸ ತೆಗಿ" ಎಂದ ತಮ್ಮ. ಟೆಂಪರರಿ ಫೈಲುಗಳನ್ನು ಗುಡಿಸಿದೆ. ಜಿಪ್ ಫೈಲುಗಳನ್ನು ಅಳಿಸಿದೆ. ಸ್ಕ್ಯಾನ್ ಮಾಡುವಾಗ ಪ್ರತಿ ಜಿಪ್ಪನ್ನೂ ಬಿಚ್ಚಿ ನೋಡಬೇಕಾಗುತ್ತದಲ್ಲ, ಅದಕ್ಕೇ ಸಮಯ ತಿನ್ನುತ್ತದೆ. ಆಮೇಲೆ ಸಿಕ್ಕಿತು 'ಅತ್ತೆ ಮೊಬೈಲ್' ಫೋಲ್ಡರ್. ಅದೇ ನಾಲ್ಕು ಕಡೆ ನಾಲ್ಕು ಕಾಪಿ. ನಾನೇ ಭಯಕ್ಕೆ ಮಾಡಿಟ್ಟಿದ್ದು, ಅತ್ತೆ ತೀರಿಕೊಂಡ ವಾರ.

ತೆರೆದೆ. ಬರೀ ಹೂವು. ಆಂಥೂರಿಯಂ, ಡೇಲಿಯಾ, ಹಂಡೆ ಒಡೆದು ಮಾಡಿದ ಕುಂಡದಲ್ಲಿ ಬಿಗೋನಿಯಾ. ಒಂದೊಂದು ಹೂವಿನದ್ದೂ ಏಳೆಂಟು ಸಲ, ಅರ್ಧ ಅಲ್ಲಾಡಿದ್ದು. ಅತ್ತೆ ಮಾತ್ರ ಎಲ್ಲೂ ಇಲ್ಲ. ಒಂದರಲ್ಲಿ ಮೂಲೆಗೆ ಅವರ ಹೆಬ್ಬೆರಳು ಬಿದ್ದಿದೆ, ಕಾಫಿ ಕೊಯ್ದ ಕಪ್ಪು ಕಲೆ ಉಗುರಿನ ಸಂದಿಯಲ್ಲಿ. ಮಾವ ಹಿಂದೆ ಬಂದು ನಿಂತಿದ್ದು ಗೊತ್ತಾಗಲಿಲ್ಲ. "ಇದಕ್ಕೂ ವೈರಸ್ ಬರುತ್ತಾ?" ಎಂದರು. ಇಲ್ಲ ಎಂದೆ. ಮೂರು ಕಾಪಿ ಅಳಿಸಿದೆ. ಅಳಿಸುವಾಗ ಅವರು, "ಒಂದು ಇದೆ ತಾನೇ? ನೋಡು, ಇದೆ ತಾನೇ?" ಎಂದು ಮೂರು ಸಲ ಕೇಳಿದರು.

ರಾತ್ರಿ ಕ್ವಿಕ್ ಸ್ಕ್ಯಾನ್ ಒತ್ತಿದೆ. ವೈರಸ್ ಸಾಮಾನ್ಯವಾಗಿ ಅವಿತುಕೊಳ್ಳುವ ಜಾಗಗಳನ್ನು, ಕಂಪ್ಯೂಟರ್ ಆನ್ ಆದಾಗ ತಾನಾಗಿ ಓಡುವ ಪ್ರೋಗ್ರಾಂಗಳನ್ನು ಮಾತ್ರ ಇದು ನೋಡುತ್ತದೆ. ಉಳಿದ ಫೈಲುಗಳನ್ನು ನಾವು ತೆರೆಯುವಾಗ ಹೇಗೂ ತಪಾಸಣೆ ಆಗುತ್ತದೆ. ನಾಲ್ಕೇ ನಿಮಿಷದಲ್ಲಿ ಮುಗಿಯಿತು. ನನಗೆ ಕುಣಿಯುವ ಹಾಗಾಯಿತು. ಮಾವ ಕುರ್ಚಿ ಎಳೆದು ಕೂರುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು. "ಇಷ್ಟೇನಾ?" ಎಂದರು. ಮಳೆ ಪುಸ್ತಕ ತೆಗೆದು, ಕನ್ನಡಕ ಏರಿಸಿ, 'ಸ್ಕ್ಯಾನ್ 4 ನಿಮಿಷ' ಎಂದು ಬರೆದು ಪಕ್ಕಕ್ಕೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ತಿಂಗಳಿಗೊಮ್ಮೆ ಫುಲ್ ಸ್ಕ್ಯಾನ್ ಆಗಲಿ ಅಂತ ಅದನ್ನು ಇವತ್ತು ಭಾನುವಾರ ರಾತ್ರಿ 11ಕ್ಕೆ ಇಟ್ಟಿದ್ದೇನೆ, ಎಲ್ಲರೂ ಮಲಗಿರುತ್ತೇವಲ್ಲ ಅಂತ. ಮಾವ ಮಧ್ಯಾಹ್ನ ಊಟ ಆದ ಮೇಲೆ ಚೆನ್ನಾಗಿ ನಿದ್ದೆ ಮಾಡಿ ಎದ್ದಿದ್ದಾರೆ. ಈಗ ಫ್ಲಾಸ್ಕ್ ಎಲ್ಲಿದೆ ಅಂತ ಕೇಳುತ್ತಿದ್ದಾರೆ.