ತಪ್ಪು ಮೀಟರ್‌ದು, ಬೈಗುಳ ಆಪರೇಟರ್‌ಗೆ

ಪಲ್ಸ್ ಕೌಂಟರ್, ಅಂದರೆ ಮಷಿನ್‌ನಿಂದ ಬರುವ ವಿದ್ಯುತ್ ಮಿಡಿತ (ಪಲ್ಸ್) ಎಣಿಸಿ ಓಡಿದ ಮಾಲಿನ ಉದ್ದ ತೋರಿಸುವ ಮೀಟರ್, ತಯಾರಿಸುವವರನ್ನೂ ಅದನ್ನು ತಂದು ಮಾರುವವರನ್ನೂ ಒಂದು ಮಾತು ಕೇಳಬೇಕು: ಓಡುವ ಮಷಿನ್‌ಗೆ ನಿಮ್ಮ ಮೀಟರ್ ಕಟ್ಟಿ, ಟೇಪ್ ಹಿಡಿದು ಅಳೆದು ನೋಡಿದ್ದೀರಾ ಯಾವತ್ತಾದರೂ?

ನಾನು ಪೀಣ್ಯದ ಒಂದು ಪ್ಯಾಕಿಂಗ್ ಫಿಲ್ಮ್ ಘಟಕದಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಫಿಲ್ಮನ್ನು ರೋಲ್‌ಗೆ ಸುತ್ತುವ ರಿವೈಂಡರ್ ಮೇಲೆ, ಫಿಲ್ಮ್ ಓಡಿದಂತೆ ತಿರುಗುವ 60 ಮಿ.ಮೀ. ವ್ಯಾಸದ ರಬ್ಬರ್ ಚಕ್ರ, ಅದರ ಒಂದು ಸುತ್ತಿಗೆ 100 ಪಲ್ಸ್ ಕೊಡುವ ಸೆನ್ಸರ್, ಅಂದರೆ ಎನ್‌ಕೋಡರ್. ಚಕ್ರದ ಸುತ್ತಳತೆ 188.5 ಮಿ.ಮೀ., ಹಾಗಾಗಿ ಒಂದು ಪಲ್ಸ್‌ಗೆ 0.001885 ಮೀಟರ್. ಪಲ್ಸ್ ಎಣಿಕೆಯನ್ನು ಉದ್ದಕ್ಕೆ ತಿರುಗಿಸಲು ಗುಣಿಸುವ ಈ ಸಂಖ್ಯೆಯೇ ಸ್ಕೇಲ್ ಫ್ಯಾಕ್ಟರ್. ಹೊಸ ಮೀಟರ್‌ನಲ್ಲಿ ಅದಕ್ಕೆ ದಶಾಂಶದ ಚುಕ್ಕೆಯ ನಂತರ ನಾಲ್ಕೇ ಅಂಕಿ! ಕೂರಿಸಲು ಬಂದ ಡೀಲರ್ ಕಡೆಯವನು 0.0019 ಅಂತ ಒತ್ತಿ, ಸಹಿ ಹಾಕಿಸಿಕೊಂಡು ಹೊರಟುಹೋದ.

ಡಿಸ್‌ಪ್ಲೇ 1000 ತೋರಿಸಿದಾಗ ರೋಲ್‌ನಲ್ಲಿ ಇದ್ದದ್ದು 992 ಮೀಟರ್. ಪ್ರತಿ ರೋಲ್‌ಗೂ ಎಂಟು ಮೀಟರ್ ಖೋತಾ. ಗಿರಾಕಿ ತನ್ನ ಮಷಿನ್‌ನಲ್ಲಿ ಬಿಚ್ಚಿ ಅಳೆದ, ಕಡಿಮೆ ಬಂದ ಮಾಲಿನ ದುಡ್ಡು ಬಿಲ್‌ನಲ್ಲಿ ಕಳೆಯಿರಿ ಅಂತ ಡೆಬಿಟ್ ನೋಟ್ ಕಳಿಸಿದ. ಮಾಲೀಕರು ಹಿಡಿದುಕೊಂಡದ್ದು ರಾತ್ರಿ ಪಾಳಿಯ ಹುಡುಗನನ್ನು. "ಎಂಟು ಮೀಟರ್ ಎಲ್ಲಿ ಹೋಯ್ತೋ?" ಅಂತ ಎಲ್ಲರ ಎದುರು ಕೇಳಿದರು. ಏನು ಹೇಳುತ್ತಾನೆ ಪಾಪ? ಮೀಟರ್ ತೋರಿಸಿದಲ್ಲಿ ನಿಲ್ಲಿಸಿದ್ದಾನೆ, ಅಷ್ಟೇ.

ಸಿಟ್ಟು ಬರುವುದು ಇಲ್ಲಿ: ಇದಕ್ಕೆ ದಾರಿ ಇತ್ತು. ಮೀಟರ್ ಬಿಟ್ಟು ಸೆಂಟಿಮೀಟರ್‌ನಲ್ಲಿ ಎಣಿಸಿದರೆ ಫ್ಯಾಕ್ಟರ್ 0.1885, ನಾಲ್ಕು ಅಂಕಿಯಲ್ಲೇ ಕೂರುತ್ತದೆ. ಆಮೇಲೆ ಡಿಸ್‌ಪ್ಲೇಯ ಚುಕ್ಕೆಯನ್ನು ಎರಡು ಸ್ಥಾನ ಎಡಕ್ಕೆ ತಂದರೆ ಮತ್ತೆ ಮೀಟರ್‌ನಲ್ಲೇ ಓದಬಹುದು. ಈ ಎರಡು ಸಾಲನ್ನು ಮ್ಯಾನ್ಯುಯಲ್‌ನಲ್ಲಿ ಬರೆಯಲು ಏನು ಕಷ್ಟ? ಅಕ್ಕಿ ಕಾಳಿನಷ್ಟು ಅಕ್ಷರದಲ್ಲಿ ಒಂದೇ ಹಾಳೆ ಮಡಚಿ ಡಬ್ಬಿಗೆ ತುರುಕಿರುತ್ತಾರೆ. ಉದಾಹರಣೆ ಒಂದೂ ಇಲ್ಲ.

ವೇಗದ ಫ್ಯಾಕ್ಟರ್ ಬೇರೆಯೇ ಹಾಕಬೇಕು, ಅದನ್ನೂ ಬಿಡಿಸಿ ಹೇಳಿಲ್ಲ. ಮೀಟರ್ ಎಣಿಸುವುದು ಸೆಕೆಂಡಿಗೆ ಎಷ್ಟು ಪಲ್ಸ್ ಅಂತ, ನಮಗೆ ಬೇಕಿರುವುದು ನಿಮಿಷಕ್ಕೆ ಎಷ್ಟು ಮೀಟರ್ ಅಂತ. 60ರಿಂದ ಗುಣಿಸಿ 0.1131 ಹಾಕಬೇಕು. ಆ ಡೀಲರ್ ಕಡೆಯವನು ಅಲ್ಲೂ 0.0019 ಒತ್ತಿದ್ದ. ನಿಮಿಷಕ್ಕೆ 50 ಮೀಟರ್ ಓಡುವ ಮಷಿನ್ ಮೇಲೆ 0.84 ಅಂತ ಉರಿಯುತ್ತಿತ್ತು! ಅದನ್ನು ನೋಡಿಯೂ ಸಹಿ ಕೇಳಿದನಲ್ಲ.

ಇನ್ನೊಂದು ತಯಾರಕರ ಮೀಟರ್ ತಂದರೆ ಅದರಲ್ಲಿ ಫ್ಯಾಕ್ಟರ್ ಗುಣಿಸುವುದಿಲ್ಲ, ಭಾಗಿಸುತ್ತದೆ. ಮತ್ತೊಂದರಲ್ಲಿ ಇನ್‌ಪುಟ್ ವೇಗದ ಮಿತಿಯನ್ನು ಸೆಕೆಂಡಿಗೆ 30 ಪಲ್ಸ್‌ಗೆ ಇಟ್ಟೇ ಕಳಿಸಿರುತ್ತಾರೆ. ನಮ್ಮ ಎನ್‌ಕೋಡರ್ ಕೊಡುವುದು 440ರ ಮೇಲೆ, ಎಣಿಕೆ ಎಲ್ಲಿಂದ ಸರಿ ಬರಬೇಕು? ರಬ್ಬರ್ ಸವೆದು 59 ಮಿ.ಮೀ. ಆದರೆ ಮತ್ತೆ ಒಂದೂವರೆ ಶೇಕಡಾಕ್ಕಿಂತ ಹೆಚ್ಚು ವ್ಯತ್ಯಾಸ. ಟೇಪ್‌ನಲ್ಲಿ ಅಳೆದ ನಿಜವಾದ ಉದ್ದವನ್ನು ಕೊಟ್ಟರೆ ಫ್ಯಾಕ್ಟರನ್ನು ತಾನೇ ಸರಿಮಾಡಿಕೊಳ್ಳುವ ಮೀಟರ್‌ಗಳು ಇವೆ. ನಮಗೆ ಮಾರುವಾಗ ಅದರ ಸುದ್ದಿ ಯಾರೂ ಎತ್ತಲಿಲ್ಲ.

ಡೀಲರ್‌ಗೆ ಫೋನ್ ಮಾಡಿದರೆ "ಸರ್, ಸೆಟ್ಟಿಂಗ್ ನಿಮ್ಮ ಜವಾಬ್ದಾರಿ" ಅನ್ನುತ್ತಾರೆ. ಹಾಗಾದರೆ ಬಿಲ್‌ನಲ್ಲಿ ಕಮಿಷನಿಂಗ್ (ಕೂರಿಸಿ ಚಾಲೂ ಮಾಡಿಕೊಡುವ) ಚಾರ್ಜ್ ಅಂತ ಹಾಕಿದ್ದು ಯಾವುದಕ್ಕೆ? ಮೊದಲು ಅದನ್ನು ವಾಪಸ್ ಕೊಡಿ. ಆ ಹುಡುಗನ ಸಂಬಳದಲ್ಲಿ ಹಿಡಿದ ದುಡ್ಡಿನ ಬಗ್ಗೆ ಮಾಲೀಕರ ಹತ್ತಿರ ನಾನೇ ಮಾತಾಡುತ್ತೇನೆ, ಲೆಕ್ಕದ ಹಾಳೆ ಇಟ್ಟುಕೊಂಡೇ.