ಮಿಷನರಿಯ ಮನೆಮಂದಿ

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ ಕ್ರೈಸ್ತ ಧರ್ಮಪ್ರಚಾರಕ್ಕೆ ಬಂದ ಬಾಸೆಲ್ ಮಿಷನ್ನಿನ ಮಾತು ಬಂದಾಗಲೆಲ್ಲ ನಮ್ಮ ಕಾಸರಗೋಡಿನಲ್ಲಿ ಚರ್ಚೆ ಹಿಡಿಯುವುದು ಎರಡೇ ದಾರಿ. ಒಂದು ಕಡೆಯವರು ಕನ್ನಡದ ಮೊದಲ ಪತ್ರಿಕೆಯಾದ 1843ರ 'ಮಂಗಳೂರ ಸಮಾಚಾರ'ವನ್ನೂ 1894ರ ಕಿಟೆಲ್ ಕನ್ನಡ ನಿಘಂಟನ್ನೂ ನೆನೆದು ಕೈಮುಗಿಯುತ್ತಾರೆ. ಇನ್ನೊಂದು ಕಡೆಯವರು ಮತಾಂತರದ ಪ್ರಶ್ನೆ ಎತ್ತಿ ಮಾತನ್ನು ಅಲ್ಲಿಗೇ ಮುಗಿಸುತ್ತಾರೆ. ಇಬ್ಬರ ಕಣ್ಣಿಗೂ ಬೀಳುವವನು ಗಡ್ಡ ಬಿಟ್ಟ, ಕರಿ ಕೋಟು ತೊಟ್ಟ ಒಬ್ಬ ಗಂಡಸು ಮಾತ್ರ. ಅವನ ಹೆಂಡತಿ ಯಾರು, ಅವಳು ಇಲ್ಲಿಗೆ ಹೇಗೆ ಬಂದಳು, ಹುಟ್ಟಿದ ಮಕ್ಕಳು ಎಲ್ಲಿಗೆ ಹೋದರು ಎಂದು ಕೇಳಿದವರನ್ನು ನಾನು ಕಂಡದ್ದು ಕಡಿಮೆ. ಮಿಷನ್ನನ್ನು ಹೊಗಳುವುದಿರಲಿ, ತೆಗಳುವುದಿರಲಿ, ಮೊದಲು ಆ ಮನೆಯೊಳಗೆ ಹೊಕ್ಕು ನೋಡಬೇಕು ಎಂಬುದು ನನ್ನ ಅಭಿಪ್ರಾಯ.

1834ರಲ್ಲಿ ಮಂಗಳೂರಿಗೆ ಬಂದ ಮಿಷನ್ನಿನ ಮೊದಲಿಗರಾದ ಹೆಬಿಕ್, ಲೇನರ್, ಗ್ರೈನರ್ ಮೂವರೂ ಒಂಟಿಯಾಗಿಯೇ ಬಂದವರು. ಬಾಸೆಲಿನ ಮಿಷನರಿ ತನ್ನಿಷ್ಟದಂತೆ ಮದುವೆಯಾಗುವಂತಿರಲಿಲ್ಲ. ಮೊದಲು ಕೆಲವು ವರ್ಷ ಸೇವೆ ಮಾಡಿ ತೋರಿಸಬೇಕು, ಬಳಿಕ ಬಾಸೆಲಿನ ಕಮಿಟಿಗೆ ಬರೆದು ಅಪ್ಪಣೆ ಪಡೆಯಬೇಕು. ಎಷ್ಟೋ ಸಲ ಹುಡುಗಿಯನ್ನು ಗೊತ್ತುಮಾಡುವುದೂ ಅಲ್ಲಿಯೇ, ಪತ್ರಗಳ ಮೂಲಕ. ವಾರಗಟ್ಟಲೆ, ತಿಂಗಳುಗಟ್ಟಲೆ ಕಡಲಿನಲ್ಲಿ ಕಳೆದು ಬಂದ ವಧು ವರನ ಮುಖವನ್ನು ಮೊದಲ ಬಾರಿಗೆ ನೋಡಿ, ಕೆಲವೇ ದಿನಗಳಲ್ಲಿ ಅವನ ಕೈಹಿಡಿದ ಸಂದರ್ಭಗಳೂ ಇವೆ. ಹಾಗೆಂದು ಈ ಹೆಂಗಸರೆಲ್ಲ ಬರಿಯ ಬಲಿಪಶುಗಳು ಎಂದುಕೊಳ್ಳುವುದೂ ತಪ್ಪು. ಊರಲ್ಲಿದ್ದರೆ ಸಿಗದ ಕೆಲಸವೊಂದು ಹೊರನಾಡಿನಲ್ಲಿ ತಮಗಾಗಿ ಕಾದಿದೆಯೆಂದು ನಂಬಿ, ಪ್ರಾರ್ಥಿಸಿ ಹಡಗು ಹತ್ತಿದವರೂ ಅವರಲ್ಲಿದ್ದರು.

ಜೂಲಿ ಡುಬಾ ಅಂಥವರಲ್ಲಿ ಒಬ್ಬರು. ಫ್ರೆಂಚ್ ಮನೆಮಾತಿನ ಈ ಸ್ವಿಸ್ ಮಹಿಳೆ ಹರ್ಮನ್ ಗುಂಡರ್ಟರನ್ನು ವರಿಸಿದ್ದು 1838ರಲ್ಲಿ, ಕನ್ನಡನಾಡಿನ ಇನ್ನೊಂದು ಗಡಿಯಾದ, ಈಗಿನ ಆಂಧ್ರದ ಚಿತ್ತೂರಿನಲ್ಲಿ. ಮರುವರ್ಷ ದಂಪತಿಗಳು ತಲಶ್ಶೇರಿಯಲ್ಲಿ ನೆಲೆಸಿದರು. ಗಂಡ ಮಲಯಾಳ ವ್ಯಾಕರಣದಲ್ಲೂ ನಿಘಂಟಿನಲ್ಲೂ ಮುಳುಗಿದ್ದಾಗ ಹೆಣ್ಣುಮಕ್ಕಳ ಬೋರ್ಡಿಂಗ್ ಶಾಲೆಯನ್ನು ನಡೆಸಿದವರು ಜೂಲಿ. ತೆಂಕಣ ತಲಶ್ಶೇರಿಯ ಗುಂಡರ್ಟರಿಗೂ ಬಡಗಣ ಮಂಗಳೂರಿನ, 'ಸಮಾಚಾರ' ಹೊರಡಿಸಿದ ಮೋಗ್ಲಿಂಗ್, ಕಿಟೆಲರಿಗೂ ನಡುವೆ ಇರುವ ನಾವು, ಎರಡೂ ಭಾಷೆ ಆಡುವವರು, ಎರಡೂ ನಿಘಂಟುಗಳ ಫಲ ಉಣ್ಣುತ್ತಿದ್ದೇವೆ. ಆದರೆ ಕಿಟೆಲರ ಮೊದಲ ಪತ್ನಿ ಪೌಲಿನೆ 1864ರಲ್ಲಿಯೇ ತೀರಿಕೊಂಡರು, ಬಳಿಕ ಆಕೆಯ ಸೋದರಿ ಜೂಲಿ ಆ ಮನೆಗೆ ಬಂದರು ಎಂಬುದನ್ನು ಕಿಟೆಲ್ ಸ್ಮರಣೆಯ ಎಷ್ಟು ಭಾಷಣಗಳಲ್ಲಿ ಕೇಳಿದ್ದೀರಿ?

ನನ್ನನ್ನು ಹೆಚ್ಚು ಕಾಡುವುದು ಮಕ್ಕಳ ಸಂಗತಿ. ಮಿಷನರಿಯ ಮಕ್ಕಳು ಶಾಲೆಯ ವಯಸ್ಸಿಗೆ ಬಂದೊಡನೆ ಅವರನ್ನು ಯುರೋಪಿಗೆ ಕಳಿಸಬೇಕು. ಅವರಿಗಾಗಿ 1853ರಲ್ಲಿ ಬಾಸೆಲಿನಲ್ಲಿ ಒಂದು ಮಕ್ಕಳ ಮನೆಯೂ ಶುರುವಾಯಿತು. ತಲಶ್ಶೇರಿಯಲ್ಲಿ 1842ರಲ್ಲಿ ಹುಟ್ಟಿದ ಗುಂಡರ್ಟರ ಮಗಳು ಮರೀಯನ್ನು ಆ ಮನೆ ಶುರುವಾಗುವ ಮೊದಲೇ, ಎಳೆಯ ಮಗುವಾಗಿದ್ದಾಗಲೇ, ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಕೆಲಸಕ್ಕೆ ಮರಳಿದರು. ಅವಳು ಮತ್ತೆ ಅವರ ಬಳಿಗೆ ಬಂದದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಮುಂದೆ ಮಿಷನರಿಯೊಬ್ಬರನ್ನು ಮದುವೆಯಾಗಿ, ವಿಧವೆಯಾಗಿ, ಮಂಗಳೂರಿನಲ್ಲಿ ಸೇವೆ ಮಾಡಿ ಮರಳಿದ್ದ ಯೊಹಾನೆಸ್ ಹೆಸ್ಸೆಯವರನ್ನು 1874ರಲ್ಲಿ ಮರುಮದುವೆಯಾದರು. ಅವರ ಮಗನೇ 1946ರಲ್ಲಿ ನೊಬೆಲ್ ಪಡೆದ ಹರ್ಮನ್ ಹೆಸ್ಸೆ. ಹೆತ್ತವರು ಬಾಸೆಲಿನಲ್ಲೇ ಇದ್ದರೂ ಆರು ವರ್ಷದ ಆ ಹುಡುಗನನ್ನು 1884ರಲ್ಲಿ ಕೆಲವು ತಿಂಗಳು ಬಾಸೆಲ್ ಮಿಷನ್ನಿನ ಹುಡುಗರ ವಸತಿಯಲ್ಲಿ ಇರಿಸಿದ್ದರು. ಮನೆಗೆ ಬರುವುದು ಭಾನುವಾರ ಮಾತ್ರ. ತಾನು ಉಂಡ ಅಗಲಿಕೆಯನ್ನೇ ತಾಯಿ ಮಗನಿಗೂ ಬಡಿಸಿದಳೆಂದರೆ ಆ ಶಿಸ್ತು ಎಷ್ಟು ಆಳಕ್ಕೆ ಇಳಿದಿತ್ತೆಂದು ಊಹಿಸಬಹುದು.

ಅಗಲಿಕೆ ಎಂದರೇನೆಂದು ಗಲ್ಫನ್ನು ನಂಬಿ ಬದುಕುವ ನಮ್ಮ ಜಿಲ್ಲೆಗೆ ಹೇಳಿಕೊಡಬೇಕಾಗಿಲ್ಲ. ಆದರೆ ನಮ್ಮಲ್ಲಿ ಅಪ್ಪ ದೂರವಾದರೂ ಮಗು ತಾಯಿಯ, ಅಜ್ಜಿಯ ಮಡಿಲಲ್ಲಿ ಇರುತ್ತದೆ. ಅಲ್ಲಿ ಮಗುವನ್ನೇ ಕಳಿಸುತ್ತಿದ್ದರು. ಜ್ವರ, ಹವೆ, ಶಾಲೆಯ ಕೊರತೆ ಎಂಬ ಕಾರಣಗಳನ್ನು ನಾನು ಒಪ್ಪುತ್ತೇನೆ. ಇಲ್ಲಿ ಹುಟ್ಟಿ ಇಲ್ಲೇ ಮಣ್ಣಾದ ಯುರೋಪಿನ ಕೂಸುಗಳೂ ಕಡಿಮೆಯೇನಲ್ಲ. ಆದರೆ ಅನ್ಯಧರ್ಮೀಯರ ನಡುವೆ ಬೆಳೆದರೆ ಮಕ್ಕಳು ಕೆಡುತ್ತಾರೆ ಎಂಬ ಭಯವೂ ಆ ಕಾರಣಗಳ ಜೊತೆಗಿತ್ತು. ನಮ್ಮವರನ್ನು ಸಹೋದರರೆಂದು ಕರೆಯಲು ಬಂದವರು ತಮ್ಮ ಮಕ್ಕಳನ್ನು ನಮ್ಮ ಮಕ್ಕಳೊಂದಿಗೆ ಬೆಳೆಸಲು ಹಿಂಜರಿದರು. ಈ ಮಾತನ್ನು ಅವರ ಅಭಿಮಾನಿಗಳು ನುಂಗಿಕೊಳ್ಳಬಾರದು.

ಇತ್ತ ನಮ್ಮ ಕಡೆಯ ಮನೆಗಳೂ ಒಡೆದವು. 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರಿಗೆ ಹುಟ್ಟಿದ ಮನೆಯೂ ಕೈಹಿಡಿದ ಹೆಂಡತಿಯೂ ದೂರವಾದರು. ಬಾಸೆಲಿನಲ್ಲಿ ಓದಿ 1851ರಲ್ಲಿ ಪಾದ್ರಿಯಾಗಿ ಹಿಂದಿರುಗಿದ ಅವರನ್ನು 1860ರಲ್ಲಿ ವರಿಸಿದವರು ಜರ್ಮನಿಯ ಮರೀ ರೈನ್‌ಹಾರ್ಟ್. ಆ ಕಾಲಕ್ಕೆ ಅದು ಸಣ್ಣ ಧೈರ್ಯವಲ್ಲ, ಇಬ್ಬರದ್ದೂ. ಜಾತಿಯಿಂದ ಹೊರಬಿದ್ದವರಿಗೆ ಅನ್ನಕ್ಕೊಂದು ದಾರಿಯಾಗಲೆಂದೇ ನೇಯ್ಗೆಯೂ ಹಂಚಿನ ಕಾರ್ಖಾನೆಯೂ ಬೆಳೆದವು. ನಮ್ಮ ಹಳೆಯ ಮನೆಯ ಮಾಡು ಬಿಚ್ಚಿದಾಗ ಪಾಚಿ ಕೆರೆದ ಹಂಚುಗಳ ಮೈಮೇಲೆ ಬಾಸೆಲ್ ಮಿಷನ್ನಿನ ಹೆಸರೂ 1865 ಎಂಬ ಇಸವಿಯೂ ಉಬ್ಬಕ್ಷರದಲ್ಲಿ ಕಾಣಿಸಿದವು. (ಅದು ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ; ಮನೆಯ ವಯಸ್ಸು ಹೇಳಲು ಅದನ್ನೇ ತೋರಿಸುವವರು ಗಮನಿಸಬೇಕು.)

1914ರ ಯುದ್ಧದೊಂದಿಗೆ ಎಲ್ಲವೂ ಕುಸಿಯಿತು. ಜರ್ಮನ್ ಮಿಷನರಿಗಳು ಶತ್ರುದೇಶದ ಪ್ರಜೆಗಳಾಗಿ ಅಹಮದ್‌ನಗರದ ಶಿಬಿರ ಸೇರಿದರು. ಹೆಂಗಸರು, ಮಕ್ಕಳು ಗೋಲ್ಕೊಂಡ ಎಂಬ ಹಡಗಿನಲ್ಲಿ ಯುರೋಪಿಗೆ ಮರಳಿದರು.

ಬಾಸೆಲಿನ ದಫ್ತರಖಾನೆಯಲ್ಲಿ ಈ ಕುಟುಂಬಗಳ ಪತ್ರಗಳೂ ಛಾಯಾಚಿತ್ರಗಳೂ ಉಳಿದಿವೆ. ಹಳೆಯ ಜರ್ಮನ್ ಕೈಬರಹ ಓದಬಲ್ಲವರ ನೆರವು ಪಡೆದು ಹೆಂಗಸರು ಬರೆದವುಗಳಲ್ಲಿ ಕೆಲವನ್ನಾದರೂ ನಮ್ಮ ವಿಶ್ವವಿದ್ಯಾಲಯಗಳು ಕನ್ನಡಕ್ಕೆ ತರಿಸಬೇಕು. ಕ್ರಿಸ್ತನ ಕೊನೆಯ ದಿನವನ್ನು 'ಗೊಲ್ಗೊಥಾ'ದಲ್ಲಿ ಹಾಡಿದ ಗೋವಿಂದ ಪೈಗಳ ಮಂಜೇಶ್ವರದಲ್ಲಿ, ಅವರ ಸ್ಮಾರಕವಾದ ಗಿಳಿವಿಂಡುವಿನಲ್ಲಿ, ಈ ವಿಷಯಕ್ಕೆ ಒಂದು ದಿನದ ಗೋಷ್ಠಿ ನಡೆಸುವುದು ಕಷ್ಟವೇನಲ್ಲ. ಸಂಘಟಕರು ಮನಸ್ಸು ಮಾಡಿದರೆ ಕುರ್ಚಿ ಹಾಕುವ ಕೆಲಸಕ್ಕೆ ನಾನಿದ್ದೇನೆ.