ಹಿಂಬದಿಯನ್ನೂ ತೋರಿಸಿ

‘ಒಳ್ಳೆ ಕೆಲಸ ತಾನೇ ಮಾತಾಡುತ್ತೆ, ಕಸೂತಿಯವರಿಗೆ ಪ್ರಚಾರ ಯಾಕೆ’ ಎಂದು ಕಸೂತಿ ಕುರಿತ ಲೇಖನವೊಂದರಲ್ಲಿ ಲೇಖಕರು ಬರೆದಿರುವುದನ್ನು ಒಪ್ಪಲಾಗದು. ಫೋನಿನ ಪರದೆಯಲ್ಲಿ ಕೈಕಸೂತಿಗೂ ಯಂತ್ರದ್ದಕ್ಕೂ ವ್ಯತ್ಯಾಸ ಕಾಣುವುದೇ ಕಷ್ಟ. ಬಟ್ಟೆ ಮಗುಚಿ ಹಿಂಬದಿಯ ಫೋಟೊನೂ ಹಾಕಿ, ಕೈಕೆಲಸದ ಗುರುತು ಅಲ್ಲಿದೆ: ಕಸೂತಿಯ ಗವಂತಿ (ಗೆರೆ ಹೊಲಿಗೆ), ಮುರ್ಗಿ (ಅಂಕುಡೊಂಕು ಹೊಲಿಗೆ) ಎರಡೂ ಕಡೆ ಒಂದೇ ಥರ, ಗಂಟೂ ಇರುವುದಿಲ್ಲ. (ನೇಯ್ದಂತೆ ಕಾಣುವ ನೇಯ್ಗಿ, ಅಡ್ಡಹೊಲಿಗೆಯ ಮೆಂತಿಗೆ ಈ ಉಪಾಯ ನಡೆಯದು.) ಫ್ಲ್ಯಾಶ್ ಬೇಡ, ದಾರ ಮಿಂಚಿ ಹೊಲಿಗೆ ಕಲಸಿಹೋಗುತ್ತೆ, ಕಿಟಕಿಯ ಓರೆ ಬೆಳಕು ಸಾಕು. ಹೊಲಿದವರನ್ನು ಕೇಳಿ ಅವರ ಹೆಸರನ್ನು ಮೊದಲ ಸಾಲಿನಲ್ಲೇ ಬರೆಯಿರಿ, ‘ನಮ್ಮ ತಂಡ’ ಅಂದರೆ ಯಾರೂ ಅಲ್ಲ. ಹೊಸತು ಬೇಕಾದರೆ ಗೋಪುರ, ತೇರಿನ ಹಳೆ ಚಿತ್ತಾರ ಬಿಟ್ಟು ಸೈಕಲ್ಲನ್ನೇ ಹೊಲಿಯಿರಿ, ಯಾರು ಬೇಡ ಅಂದರು? ಆದರೆ ಬಟ್ಟೆಯ ಎಳೆಗಳ ಎಣಿಕೆಯಲ್ಲಿ ಒಂದು ಎಳೆ ತಪ್ಪಿದರೂ ಗವಂತಿಯ ವಾಪಸು ಹೊಲಿಗೆ, ಹೋಗುವಾಗ ಬಿಟ್ಟ ಖಾಲಿಗೆ ಸರಿಯಾಗಿ ಕೂರುವುದಿಲ್ಲ.